ಕಪ್ಪೆಯ ತೊಗಲಿನ ಕಾವಲು

ಈ ಸಾರಿ ಬಿತ್ತನೆ ಬೀಜದ ಮಾತೂ ಅಲ್ಲ, ಗೊಬ್ಬರದ ಮಾತೂ ಅಲ್ಲ. ನಿಮ್ಮ ಗದ್ದೆಯಲ್ಲಿ ಕೂಲಿ ಕೇಳದೆ ದುಡಿಯುವ ಒಂದು ಪ್ರಾಣಿಯ ಮಾತು. ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಕೆರೆಯಂಗಳದಲ್ಲಿ ವಟಗುಟ್ಟುತ್ತದಲ್ಲ, ಆ ಕಪ್ಪೆಯ ಮಾತು. ಹತ್ತು ಮಂದಿ ಒಂದು ಮಾತಿಗೆ ಬರದಿದ್ದರೆ ಕಪ್ಪೆಯನ್ನು ತಕ್ಕಡಿಗೆ ಹಾಕಿದ ಹಾಗಾಯಿತು ಎನ್ನುತ್ತೇವೆ. ಹೊರಗಿನ ಲೋಕ ಕಾಣದವನನ್ನು ಬಾವಿಕಪ್ಪೆ ಎನ್ನುತ್ತೇವೆ. ಮಳೆ ಕೈಕೊಟ್ಟ ವರ್ಷ ಕಪ್ಪೆಗೆ ಮದುವೆ ಮಾಡುವ ಊರುಗಳೂ ನಮ್ಮಲ್ಲಿವೆ. ಇಷ್ಟೆಲ್ಲ ಬಳಕೆಯಿದ್ದರೂ ಅದರ ಮೈಮೇಲಿನ ತೊಗಲನ್ನು ನಾವು ಗಮನವಿಟ್ಟು ನೋಡಿದ್ದು ಕಡಿಮೆಯೇ.

ಒಂದು ಪ್ರಶ್ನೆ ಕೇಳುತ್ತೇನೆ, ಯೋಚಿಸಿ ನೋಡಿ. ಮಳೆಗಾಲದಲ್ಲಿ ಮೂಲೆಗಿಟ್ಟ ತೊಗಲಿನ ಮೆಟ್ಟು ವಾರ ಕಳೆಯುವುದರೊಳಗೆ ಬೂಷ್ಟು ಹಿಡಿಯುತ್ತದೆ. ಹಸಿಯಾರದ ಕಡಲೆಕಾಯಿಯನ್ನು ಚೀಲಕ್ಕೆ ತುಂಬಿದರೆ ಬೂಷ್ಟು. ತೇವ ಹೊಕ್ಕ ಹಗೇವಿನ ರಾಗಿಗೂ ಬೂಷ್ಟು. ಹಾಗಾದರೆ ಹುಟ್ಟಿದಂದಿನಿಂದ ಸಾಯುವವರೆಗೆ ಕೆಸರಲ್ಲೇ ಇರುವ, ಕೂದಲಿಲ್ಲದ, ಗರಿಯಿಲ್ಲದ, ಹುರುಪೆಯಿಲ್ಲದ, ಸದಾ ಒದ್ದೆಯಾದ ಕಪ್ಪೆಯ ಮೈಗೆ ಬೂಷ್ಟು ಯಾಕೆ ಹಿಡಿಯುವುದಿಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ ಬಹಳ ದೊಡ್ಡದು. ಅದರಲ್ಲಿ ಗೆಲುವೂ ಇದೆ, ದೊಡ್ಡದೊಂದು ದುರಂತವೂ ಇದೆ. ಕೊನೆಗೆ ಅದು ನಮ್ಮ ಹೊಲದ ಬದುವಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ತಾಳ್ಮೆಯಿಂದ ಓದಬೇಕು.

ಮೊದಲು ಕಪ್ಪೆಯ ತೊಗಲು ಎಂಥದೆಂದು ತಿಳಿಯೋಣ. ನಮಗೆ ತೊಗಲೆಂದರೆ ಮೈಗೆ ಹೊದಿಕೆ, ಅಷ್ಟೆ. ಕಪ್ಪೆಗೆ ಅದು ಬಾಯಿಯೂ ಹೌದು, ಮೂಗೂ ಹೌದು. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ, ತೊಗಲಿನ ಮೂಲಕ ಹೀರುತ್ತದೆ. ಶ್ವಾಸಕೋಶದಿಂದ ಉಸಿರಾಡುವುದಲ್ಲದೆ ತೊಗಲಿನಿಂದಲೂ ಉಸಿರಾಡುತ್ತದೆ. ರಕ್ತಕ್ಕೆ ಬೇಕಾದ ಉಪ್ಪಿನ ಅಂಶಗಳ ಹೋಗುಬರವೂ ಅಲ್ಲಿಂದಲೇ. ಇಷ್ಟು ಕೆಲಸ ಮಾಡಬೇಕಾದರೆ ಅದು ತೆಳ್ಳಗಿರಬೇಕು, ಒದ್ದೆಯಾಗಿರಬೇಕು. ತೆಳ್ಳಗೆ ಒದ್ದೆಯಾದ ಬಾಗಿಲಿನಲ್ಲಿ ಕಳ್ಳ ಸುಲಭವಾಗಿ ನುಗ್ಗುತ್ತಾನೆ. ಆದ್ದರಿಂದಲೇ ಪ್ರಕೃತಿ ಅಲ್ಲಿ ಕಾವಲಿಟ್ಟಿದೆ.

ಆ ತೊಗಲಿನೊಳಗೆ ಎರಡು ಬಗೆಯ ಗ್ರಂಥಿಗಳಿವೆ. ಒಂದು ಲೋಳೆ ಸುರಿಸುವ ಗ್ರಂಥಿ. ಕಪ್ಪೆ ಹಿಡಿದರೆ ಕೈಯಿಂದ ಜಾರುವುದು ಈ ಲೋಳೆಯಿಂದ. ಇನ್ನೊಂದು ಮದ್ದಿನ ಗ್ರಂಥಿ. ಕಪ್ಪೆಗೆ ಗಾಯವಾದರೆ, ಇಲ್ಲವೆ ಅದು ಬೆದರಿದರೆ, ಈ ಗ್ರಂಥಿ ಹಿಂಡಿದ ಹಾಗಾಗಿ ಬಿಳಿಯ ರಸ ಹೊರಬರುತ್ತದೆ. ಕಪ್ಪೆಯನ್ನು ಬಾಯಿಗೆ ಹಾಕಿಕೊಂಡ ನಾಯಿ ನೊರೆ ಸುರಿಸುತ್ತ ಉಗುಳುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಈ ರಸಕ್ಕೆ ಕೆಡದಂತೆ ಕಾಯುವ ಗುಣವಿದೆಯೆಂದು ಹಳ್ಳಿಯ ಜನ ಎಂದೋ ಊಹಿಸಿದ್ದರು. ರಷ್ಯಾ ದೇಶದಲ್ಲಿ ಹಾಲು ಹುಳಿಯಾಗದಿರಲೆಂದು ಹಾಲಿನ ಪಾತ್ರೆಯೊಳಗೆ ಕಪ್ಪೆ ಬಿಡುವ ಹಳೆಯ ರೂಢಿಯಿತ್ತು. 2012ರಲ್ಲಿ ಮಾಸ್ಕೋದ ರಸಾಯನ ವಿಜ್ಞಾನಿಗಳು ಆ ಜಾತಿಯ ಕಪ್ಪೆಯ ತೊಗಲಿನ ರಸವನ್ನು ಪರೀಕ್ಷಿಸಿ, ಅದರಲ್ಲಿ 70ಕ್ಕೂ ಹೆಚ್ಚು ಬಗೆಯ ಪೆಪ್ಟೈಡುಗಳನ್ನು ಗುರುತಿಸಿದರು. ಅವುಗಳಲ್ಲಿ ಕೆಲವು ರೋಗಾಣುಗಳನ್ನು ಕೊಲ್ಲುವಂಥವು. ತಾಯಂದಿರೆ, ಇದನ್ನು ಓದಿ ನೀವು ಹಾಲಿನ ಗಡಿಗೆಗೆ ಕಪ್ಪೆ ಬಿಡಬೇಡಿ! ಎಷ್ಟೋ ಕಪ್ಪೆಗಳ ರಸ ಮನುಷ್ಯರಿಗೆ ವಿಷ. ಹಾಲನ್ನು ಚೆನ್ನಾಗಿ ಕಾಯಿಸುವುದೇ ಕ್ಷೇಮ.

ಪೆಪ್ಟೈಡು ಎಂದೆನಲ್ಲ, ಹಾಗೆಂದರೇನು? ಬೇಳೆಕಾಳಿನಲ್ಲಿ, ಹಾಲಿನಲ್ಲಿ ಪ್ರೋಟೀನು ಇದೆಯೆಂದು ಕೇಳಿದ್ದೀರಿ. ಪ್ರೋಟೀನು ಉದ್ದನೆಯ ಮಣಿಸರವಿದ್ದ ಹಾಗೆ. ಅದರ ಒಂದೊಂದು ಮಣಿಗೂ ಅಮೈನೊ ಆಮ್ಲವೆಂದು ಹೆಸರು. ಸರ ಗಿಡ್ಡಾಗಿದ್ದರೆ ಅದೇ ಪೆಪ್ಟೈಡು. ಇಟಲಿಯ ವಿಟ್ಟೋರಿಯೊ ಎರ್‌ಸ್ಪಾಮರ್ ಎಂಬ ವಿಜ್ಞಾನಿ ನಾನಾ ಖಂಡಗಳ ಕಪ್ಪೆಗಳ ತೊಗಲಿನಿಂದ ಇಂಥ ವಸ್ತುಗಳನ್ನು ವರ್ಷಗಟ್ಟಲೆ ಬೇರ್ಪಡಿಸುತ್ತ ಬಂದರು. ಆದರೆ ಇವು ಕಪ್ಪೆಯ ಮೈಗಾವಲಿನ ಪಡೆ ಎಂಬುದನ್ನು ಲೋಕಕ್ಕೆ ಎತ್ತಿ ತೋರಿಸಿದವರು ಅಮೆರಿಕದ ಮೈಕೇಲ್ ಜಾಸ್ಲಾಫ್.

ಜಾಸ್ಲಾಫರು ಬೆಥೆಸ್ಡ ಎಂಬ ಊರಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿದ್ದರು. ಅವರ ಕೆಲಸಕ್ಕೆ ಕಪ್ಪೆಯ ಮೊಟ್ಟೆ ಬೇಕಾಗಿತ್ತು. ಆಫ್ರಿಕದ ಉಗುರುಗಪ್ಪೆಯ ಹೊಟ್ಟೆ ಕೊಯ್ದು, ಮೊಟ್ಟೆಯ ಭಾಗ ತೆಗೆದು, ಹೊಲಿದು, ಮತ್ತೆ ತೊಟ್ಟಿಯ ನೀರಿಗೇ ಬಿಡುತ್ತಿದ್ದರು. ಆ ನೀರು ಶುದ್ಧವಾದದ್ದಲ್ಲ, ಅದರಲ್ಲಿ ರೋಗಾಣುಗಳು ಬೇಕಾದಷ್ಟು. ಅಂಥ ನೀರಿನಲ್ಲಿ ನಮ್ಮ ಗಾಯ ನೆನೆದರೆ ಕೀವು ತುಂಬುತ್ತಿತ್ತು. ಕಪ್ಪೆಯ ಗಾಯವೋ ಕೀವಿಲ್ಲದೆ ಮಾಯುತ್ತಿತ್ತು. ಇದೇಕೆ ಹೀಗೆ ಎಂದು ಅವರು ತೊಗಲನ್ನೇ ಶೋಧಿಸಿದರು. 1987ರಲ್ಲಿ ಉತ್ತರ ಪ್ರಕಟವಾಯಿತು. ತೊಗಲಿನಲ್ಲಿ ಎರಡು ಪೆಪ್ಟೈಡುಗಳು ಸಿಕ್ಕಿದವು, ಒಂದೊಂದರಲ್ಲೂ 23 ಮಣಿ. ಹೀಬ್ರೂ ಭಾಷೆಯಲ್ಲಿ ಗುರಾಣಿಗೆ 'ಮಗೆನ್' ಎನ್ನುತ್ತಾರೆ. ಅದರಿಂದ ಈ ವಸ್ತುವಿಗೆ ಮಗೈನಿನ್ ಎಂದು ಹೆಸರಿಟ್ಟರು. ಇದು ಬ್ಯಾಕ್ಟೀರಿಯಗಳನ್ನು ಮಾತ್ರವಲ್ಲದೆ ಹಲವು ಬೂಷ್ಟುಗಳನ್ನೂ ತಡೆಯುತ್ತಿತ್ತು.

ಇದು ಕೊಲ್ಲುವ ಬಗೆ ಸರಳವಾದದ್ದು. ರೋಗಾಣುವಿನ ಮೈಪೊರೆಗೆ ಋಣ ವಿದ್ಯುತ್ತಿನ ಗುಣ, ಮಗೈನಿನ್ನಿಗೆ ಧನ ವಿದ್ಯುತ್ತಿನ ಗುಣ. ಒಂದನ್ನೊಂದು ಸೆಳೆಯುತ್ತವೆ. ಅಂಟಿಕೊಂಡ ಮಗೈನಿನ್ ಪೊರೆಯೊಳಗೆ ತೂರಿ ತೂತು ಮಾಡುತ್ತದೆ. ತೂತು ಬಿದ್ದ ಗಡಿಗೆಯ ನೀರು ಸೋರುವ ಹಾಗೆ ರೋಗಾಣುವಿನ ಸತ್ವ ಸೋರಿಹೋಗುತ್ತದೆ. ಪ್ರಾಣಿಗಳ ಜೀವಕೋಶದ ಹೊರಮೈಯಲ್ಲಿ ಆ ಋಣಗುಣ ಕಡಿಮೆ. ಅದರಿಂದ ಕಪ್ಪೆಗೆ ತನ್ನ ಮದ್ದಿನಿಂದ ಹಾನಿಯಿಲ್ಲ.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದು ನೀವು ತಿಳಿಯಬಹುದು. ಇಲ್ಲ. ಗುರಾಣಿ ಪತ್ತೆಯಾದ ಆ ದಶಕದಲ್ಲೇ, ಗುರಾಣಿಗೂ ಬಗ್ಗದ ಶತ್ರು ಎಷ್ಟೋ ದೇಶಗಳಲ್ಲಿ ಕಪ್ಪೆಗಳನ್ನು ಕೊಲ್ಲುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಸೀಮೆಯಲ್ಲಿ ಒಂದು ವಿಚಿತ್ರ ಕಪ್ಪೆಯಿತ್ತು. ತಾಯಿಕಪ್ಪೆ ತನ್ನ ಮೊಟ್ಟೆಗಳನ್ನು ನುಂಗಿ, ಹೊಟ್ಟೆಯೊಳಗೇ ಮರಿ ಮಾಡಿ, ಬಾಯಿಂದ ಹೊರಬಿಡುತ್ತಿತ್ತು. ಅದನ್ನು ವಿಜ್ಞಾನಿಗಳು ಹೆಸರಿಸಿದ್ದು 1973ರಲ್ಲಿ. ಕಾಡಿನಲ್ಲಿ ಅದು ಕೊನೆಯ ಬಾರಿ ಕಂಡದ್ದು 1981ರಲ್ಲಿ. ಮಧ್ಯ ಅಮೆರಿಕದ ಕೋಸ್ಟರಿಕದಲ್ಲಿ ಚಿನ್ನದ ಬಣ್ಣದ ನೆಲಗಪ್ಪೆಯಿತ್ತು. 1987ರಲ್ಲಿ ನೂರಾರು ಸೇರಿದ್ದವು. 1989ರಲ್ಲಿ ಕಂಡದ್ದು ಒಂದೇ ಒಂದು. ಆಮೇಲೆ ಒಂದೂ ಇಲ್ಲ. ಬರಗಾಲ ಕಾರಣವೆಂದು ಕೆಲವರು, ರೋಗವೆಂದು ಕೆಲವರು ವಾದಿಸಿದರು. 1989ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಲೋಕದ ಕಪ್ಪೆ-ಹಾವುಗಳ ವಿಜ್ಞಾನಿಗಳು ಮೊದಲ ಮಹಾಸಭೆ ಸೇರಿದಾಗ, ನಮ್ಮಲ್ಲೂ ಕಪ್ಪೆ ಕಡಿಮೆಯಾಗಿದೆ, ನಮ್ಮಲ್ಲೂ ಕಡಿಮೆಯಾಗಿದೆ ಎಂದು ಒಬ್ಬೊಬ್ಬರೂ ಹೇಳತೊಡಗಿದರು. ಕಾಡು ಕಡಿದ ಕಡೆ ಕಪ್ಪೆ ಸತ್ತರೆ ಸರಿ. ಕೊಡಲಿ ತಾಗದ ಬೆಟ್ಟದ ಮೇಲೂ ಸಾಯುತ್ತಿವೆಯಲ್ಲ, ಯಾಕೆ?

1998ರಲ್ಲಿ ಗುಟ್ಟು ಹೊರಬಿತ್ತು. ಆಸ್ಟ್ರೇಲಿಯದ ಪಶುವೈದ್ಯೆ ಲೀ ಬರ್ಗರ್ ಮತ್ತು ಅವರ ಜೊತೆಗಾರರು, ಆಸ್ಟ್ರೇಲಿಯದಲ್ಲೂ ಮಧ್ಯ ಅಮೆರಿಕದಲ್ಲೂ ಸತ್ತ ಕಪ್ಪೆಗಳ ತೊಗಲಿನಲ್ಲಿ ಒಂದೇ ಬಗೆಯ ಬೂಷ್ಟು ಇದೆಯೆಂದು ತೋರಿಸಿಕೊಟ್ಟರು. ಮರುವರ್ಷ, 1999ರಲ್ಲಿ, ಅಮೆರಿಕದ ಮೇನ್ ವಿಶ್ವವಿದ್ಯಾಲಯದ ಜಾಯ್ಸ್ ಲಾಂಗ್‌ಕೋರ್ ಮತ್ತು ಸಂಗಡಿಗರು ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಸತ್ತಿದ್ದ ನೀಲಿಗಪ್ಪೆಯಿಂದ ಬಂದ ಆ ಬೂಷ್ಟಿಗೆ ಹೆಸರಿಟ್ಟರು. ಹೆಸರು ಬಲು ಉದ್ದ, ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್. ನಾಲಗೆ ತೊಡರಿದರೆ ಚಿಂತೆಯಿಲ್ಲ. ಗ್ರೀಕ್ ಭಾಷೆಯಲ್ಲಿ ಬ್ಯಾಟ್ರಕೋಸ್ ಎಂದರೆ ಕಪ್ಪೆ, ಕೈಟ್ರ ಎಂದರೆ ಗಡಿಗೆ. ನಾವು ಅದನ್ನು ಗಡಿಗೆ ಬೂಷ್ಟು ಎಂದು ಕರೆಯೋಣ.

ಗಡಿಗೆ ಯಾಕೆ? ಈ ಬೂಷ್ಟು ತೊಗಲಿನೊಳಗೆ ಪುಟ್ಟ ಗಡಿಗೆಯಂತೆ ಬೆಳೆಯುತ್ತದೆ. ಅದರೊಳಗೆ ಬಾಲವುಳ್ಳ ಬೀಜಾಣುಗಳು ತುಂಬಿಕೊಳ್ಳುತ್ತವೆ. ಗಡಿಗೆಯ ಬಾಯಿ ತೆರೆದರೆ ಅವು ನೀರಿಗಿಳಿದು ಈಜಿ, ಮತ್ತೊಂದು ತೊಗಲು ಹುಡುಕುತ್ತವೆ. ಮಲೆನಾಡಿನ ಅಡಿಕೆ ತೋಟದವರಿಗೆ ಇದು ಹೊಸ ಸಂಗತಿಯಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಪ್ರಬಂಧ ಬರೆದರಲ್ಲ, ಆ ಅಡಿಕೆಯ ಕೊಳೆರೋಗದ ಬೀಜಾಣುವೂ ಹೀಗೆಯೇ ಮಳೆನೀರಿನಲ್ಲಿ ಈಜಿ ಕಾಯಿಗೆ ತಗಲುವಂಥದು. ಎರಡರ ಕುಲ ಬೇರೆ, ಚಾಳಿ ಮಾತ್ರ ಒಂದೇ. ಅಡಿಕೆಗೆ ನಾವು ಮೈಲುತುತ್ತ, ಸುಣ್ಣ ಕಲಸಿ ಹೊರಗಿನಿಂದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಕಪ್ಪೆ ತನ್ನ ಮದ್ದನ್ನು ತಾನೇ ತಯಾರಿಸಿಕೊಳ್ಳಬೇಕು.

ಈ ಬೂಷ್ಟು ಬೇಕೆನ್ನುವುದು ತೊಗಲಿನ ಕೆರಾಟಿನ್ ಎಂಬ ಗಟ್ಟಿ ಅಂಶ, ನಮ್ಮ ಉಗುರಿನಲ್ಲಿ ಇರುವಂಥದೇ. ಗೊದಮೊಟ್ಟೆಗೆ ಅದು ಬಾಯಂಚಿನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಗೊದಮೊಟ್ಟೆ ರೋಗ ಹೊತ್ತರೂ ಸಾಮಾನ್ಯವಾಗಿ ಸಾಯುವುದಿಲ್ಲ. ಬಾಲ ಕರಗಿ ಕಪ್ಪೆಯಾದಾಗ ಮೈಯೆಲ್ಲ ಬೂಷ್ಟಿಗೆ ಮೇವಾಗುತ್ತದೆ. ತೊಗಲು ದಪ್ಪಗಟ್ಟುತ್ತದೆ. ಉಪ್ಪಿನ ಹೋಗುಬರವು ಕೆಡುತ್ತದೆ. 2009ರಲ್ಲಿ ಜೇಮಿ ವಾಯ್ಲ್ಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು, ರೋಗ ಬಲಿತ ಕಪ್ಪೆಯ ರಕ್ತದಲ್ಲಿ ಸೋಡಿಯಂ ಪೊಟ್ಯಾಸಿಯಂ ಅಂಶಗಳು ಇಳಿದು, ಕೊನೆಗೆ ಗುಂಡಿಗೆ ನಿಂತುಹೋಗುವುದೆಂದು ತೋರಿಸಿದರು. ಒಡೆದ ಬದುವಿನಿಂದ ಗದ್ದೆಯ ನೀರು ಹರಿದುಹೋದ ಹಾಗೆ, ತೊಗಲು ಕೆಟ್ಟ ಕಪ್ಪೆಯ ಜೀವ ಹರಿದುಹೋಗುತ್ತದೆ.

ಈ ಪೀಡೆ ಎಲ್ಲಿಂದ ಬಂತು? ಇದನ್ನು ಹುಡುಕುತ್ತ ವಿಜ್ಞಾನಿಗಳು ಹಳೆಯ ಉಗ್ರಾಣ ಕೆದಕಿದರು. ದಕ್ಷಿಣ ಆಫ್ರಿಕದಲ್ಲಿ ದ್ರಾವಣದಲ್ಲಿ ಇಟ್ಟಿದ್ದ 1938ನೆಯ ಇಸವಿಯ ಉಗುರುಗಪ್ಪೆಯೊಂದರ ತೊಗಲಿನಲ್ಲೂ ಅದು ಸಿಕ್ಕಿತೆಂದು 2004ರಲ್ಲಿ ವರದಿಯಾಯಿತು. ಆಗ ಸಂಶಯ ಒಂದು ಹಳೆಯ ವ್ಯಾಪಾರದತ್ತ ತಿರುಗಿತು. ಲ್ಯಾನ್ಸೆಲಾಟ್ ಹಾಗ್‌ಬೆನ್ ಎಂಬ ವಿಜ್ಞಾನಿಯ ಶೋಧನೆಯಿಂದ 1930ರ ದಶಕದಲ್ಲಿ ಬಸುರಿನ ಪರೀಕ್ಷೆಯೊಂದು ಬಳಕೆಗೆ ಬಂದಿತ್ತು. ಹೆಂಗಸಿನ ಮೂತ್ರವನ್ನು ಹೆಣ್ಣು ಉಗುರುಗಪ್ಪೆಗೆ ಚುಚ್ಚಿದರೆ, ಆಕೆ ಬಸುರಿಯಾಗಿದ್ದಲ್ಲಿ ಕಪ್ಪೆ ಒಂದು ದಿನದೊಳಗೆ ಮೊಟ್ಟೆಯಿಡುತ್ತಿತ್ತು. ಇದಕ್ಕಾಗಿ ಆಫ್ರಿಕದಿಂದ ದೇಶದೇಶಗಳಿಗೆ ಕಪ್ಪೆ ಸಾಗಿದವು. ಅವುಗಳೊಡನೆ ಬೂಷ್ಟೂ ಸಾಗಿತೆಂಬ ಊಹೆ ಹುಟ್ಟಿತು. ಆದರೆ 2018ರಲ್ಲಿ ಲೋಕದ ನಾನಾ ಕಡೆಯ ಬೂಷ್ಟುಗಳ ವಂಶಾವಳಿ ಹೋಲಿಸಿ ನೋಡಿದಾಗ ಮೂಲ ಪೂರ್ವ ಏಷ್ಯದ ಕೊರಿಯ ಕಡೆಗೆ ಬೊಟ್ಟು ಮಾಡಿತು. ಲೋಕವೆಲ್ಲ ಹರಡಿದ ತಳಿ 20ನೆಯ ಶತಮಾನದ ಮೊದಲ ಭಾಗದ ಆಸುಪಾಸಿನಲ್ಲಿ ಹಬ್ಬಿತೆಂದೂ ತಿಳಿಯಿತು. ಹೇಗೇ ಇರಲಿ, ಕಪ್ಪೆಯನ್ನು ಊರಿಂದೂರಿಗೆ ಸಾಗಿಸಿದ ಮನುಷ್ಯನ ವ್ಯಾಪಾರವೇ ರೋಗಕ್ಕೆ ಬಂಡಿಯಾಯಿತೆನ್ನುವುದರಲ್ಲಿ ವಿಜ್ಞಾನಿಗಳಿಗೆ ಹೆಚ್ಚು ಅನುಮಾನವಿಲ್ಲ. 2019ರ ಒಂದು ಎಣಿಕೆಯ ಪ್ರಕಾರ ಈ ರೋಗದ ದೆಸೆಯಿಂದ 501 ಜಾತಿಗಳ ಸಂಖ್ಯೆ ಕುಗ್ಗಿದೆ. ಅದರಲ್ಲಿ 90 ಜಾತಿಗಳು ನಿರ್ನಾಮವಾದವೆಂದು ಭಾವಿಸಲಾಗಿದೆ.

'ಕಪ್ಪೆ ಹೋದರೆ ಹೋಯಿತು, ನಮಗೇನಪ್ಪಾ ನಷ್ಟ?' ಎಂದು ಕೇಳುವವರಿದ್ದಾರೆ. ಕೋಸ್ಟರಿಕ ಮತ್ತು ಪನಾಮ ದೇಶಗಳಲ್ಲಿ ಆದದ್ದನ್ನು ಕೇಳಿ. ಕಪ್ಪೆ ಅಳಿದ ಜಿಲ್ಲೆಗಳಲ್ಲಿ ಮುಂದಿನ ಕೆಲವು ವರ್ಷ ಮಲೇರಿಯ ಜ್ವರ ಹೆಚ್ಚಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಸೊಳ್ಳೆಯನ್ನು, ಅದರ ಮರಿಯನ್ನು ತಿನ್ನುವ ಬಾಯಿ ಕಡಿಮೆಯಾದರೆ ಸೊಳ್ಳೆ ಹೆಚ್ಚದೆ ಇರುತ್ತದೆಯೆ? ಭತ್ತದ ಗದ್ದೆಯ ಹುಳುವಿಗೂ ಇದೇ ಲೆಕ್ಕ.

ಹಾಗಾದರೆ ಎಲ್ಲ ಕಪ್ಪೆಗಳೂ ಯಾಕೆ ಸಾಯಲಿಲ್ಲ? ಇಲ್ಲಿ ತೊಗಲಿನ ಕಾವಲು ಮತ್ತೆ ಕಥೆಗೆ ಬರುತ್ತದೆ. 2002ರ ಹೊತ್ತಿಗೆ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲೂಯೀಸ್ ರಾಲಿನ್ಸ್-ಸ್ಮಿತ್ ಮತ್ತು ಸಂಗಡಿಗರು, ಮಗೈನಿನ್ನಿನಂಥ ಪೆಪ್ಟೈಡುಗಳು ಗಡಿಗೆ ಬೂಷ್ಟನ್ನು ತಡೆಯಬಲ್ಲವೆಂದು ಪ್ರಯೋಗಶಾಲೆಯಲ್ಲಿ ತೋರಿಸಿದರು. ಒಂದೊಂದು ಜಾತಿಯ ಕಪ್ಪೆಯ ರಸ ಒಂದೊಂದು ಬಗೆ. ಕೆಲವಕ್ಕೆ ಹರಿತವಾದ ಮದ್ದು, ಕೆಲವಕ್ಕೆ ಮೊಂಡು ಮದ್ದು.

ಮದ್ದೊಂದೇ ಅಲ್ಲ, ಇನ್ನೂ ಎರಡು ಕಾವಲಿವೆ. ಒಂದು, ಕಪ್ಪೆ ಆಗಾಗ ಮೇಲಿನ ತೊಗಲನ್ನು ಪೊರೆಯಂತೆ ಕಳಚುತ್ತದೆ. ಅದರೊಡನೆ ಅಂಟಿದ ಬೂಷ್ಟೂ ಅಷ್ಟಿಷ್ಟು ಹೋಗುತ್ತದೆ. ಇನ್ನೊಂದು, ಅದರ ಲೋಳೆಯಲ್ಲಿ ವಾಸ ಮಾಡುವ ಒಳ್ಳೆಯ ಬ್ಯಾಕ್ಟೀರಿಯಗಳು. ಅಮೆರಿಕದ ವರ್ಜೀನಿಯದ ರೀಡ್ ಹ್ಯಾರಿಸ್ ಮತ್ತು ಸಂಗಡಿಗರು ಕಪ್ಪೆಯ ದಾಯಾದಿಯಾದ ಸಾಲಮಾಂಡರ್ ಎಂಬ ಬಾಲವುಳ್ಳ ಪ್ರಾಣಿಯ ತೊಗಲಿನ ಬ್ಯಾಕ್ಟೀರಿಯಗಳನ್ನು ಪರೀಕ್ಷಿಸಿದರು. ಅದರಲ್ಲೊಂದು ನೇರಳೆ ಬಣ್ಣದ ವಸ್ತು ತಯಾರಿಸಿ ಬೂಷ್ಟನ್ನು ಅಡಗಿಸುತ್ತಿತ್ತು. 2009ರಲ್ಲಿ ಆ ಬ್ಯಾಕ್ಟೀರಿಯವನ್ನು ಕ್ಯಾಲಿಫೋರ್ನಿಯದ ಬೆಟ್ಟದ ಕಪ್ಪೆಗಳ ಮೈಗೆ ಹತ್ತಿಸಿ, ಆಮೇಲೆ ಬೂಷ್ಟು ತಗುಲಿಸಿದರು. ಬ್ಯಾಕ್ಟೀರಿಯ ಹತ್ತಿಸಿದ ಕಪ್ಪೆಗಳು ಬದುಕಿದವು. ಹತ್ತಿಸದವು ಸೊರಗಿ ಸಾಯತೊಡಗಿದವು.

ನಾವು ಬೀಜಕ್ಕೆ ಟ್ರೈಕೋಡರ್ಮ ಹಚ್ಚಿ ಬಿತ್ತುತ್ತೇವಲ್ಲ, ಒಳ್ಳೆಯ ಜೀವಿಯನ್ನು ಮುಂದೆ ನಿಲ್ಲಿಸಿ ಕೆಟ್ಟದ್ದನ್ನು ತಡೆಯುವ ಉಪಾಯ, ಇದೂ ಅದೇ. ಆದರೆ ಪನಾಮದ ಚಿನ್ನದ ಕಪ್ಪೆಗೆ ಅದೇ ನೇರಳೆ ಬ್ಯಾಕ್ಟೀರಿಯ ಹಚ್ಚಿದಾಗ ಅದು ಮೈಮೇಲೆ ನಿಲ್ಲಲಿಲ್ಲ, ಕಪ್ಪೆ ಉಳಿಯಲಿಲ್ಲ. ಕಡಲೆಕಾಯಿಗೆ ಒಗ್ಗುವ ರೈಜೋಬಿಯಂ ಸೋಯಾ ಅವರೆಗೆ ಒಗ್ಗದು ಎಂಬುದು ನಿಮಗೆ ಗೊತ್ತಿರುವ ಪಾಠವಷ್ಟೆ. ನೆರೆಮನೆಯ ಕಾವಲುನಾಯಿ ನಮ್ಮ ಮನೆ ಕಾಯುವುದಿಲ್ಲ.

ಪನಾಮದಿಂದಲೇ 2018ರಲ್ಲಿ ಒಂದು ಸಮಾಧಾನದ ಸುದ್ದಿಯೂ ಬಂತು. ಸತ್ತೇಹೋದವೆಂದುಕೊಂಡಿದ್ದ ಕೆಲವು ಜಾತಿಗಳು ಹಳ್ಳದ ದಡದಲ್ಲಿ ಮತ್ತೆ ಕಾಣಿಸಿಕೊಂಡವು. ಬೂಷ್ಟು ಸಾಧುವಾಯಿತೆ ಎಂದು ನೋಡಿದರೆ ಇಲ್ಲ, ಅದರ ಕ್ರೌರ್ಯ ಹಾಗೆಯೇ ಇತ್ತು. ಬದಲಾದದ್ದು ಕಪ್ಪೆ. ರೋಗ ಬರುವ ಮೊದಲಿನ ಕಪ್ಪೆಗಳ ರಸಕ್ಕಿಂತ, ಉಳಿದುಕೊಂಡ ಕಪ್ಪೆಗಳ ತೊಗಲಿನ ರಸ ಬೂಷ್ಟನ್ನು ಹೆಚ್ಚು ಚೆನ್ನಾಗಿ ತಡೆಯುತ್ತಿತ್ತು. ಬೆಂಕಿರೋಗ ಬಿದ್ದ ಗದ್ದೆಯಲ್ಲಿ ತಡೆದು ನಿಂತ ತೆನೆಯನ್ನು ಬೀಜಕ್ಕೆ ಆರಿಸುವ ಹಾಗೆ ಪ್ರಕೃತಿ ಆರಿಸಿತ್ತೆಂದು ತೋರುತ್ತದೆ. ಆದರೆ ಆರಿಸಲು ನಾಲ್ಕು ತೆನೆಯಾದರೂ ಉಳಿದಿರಬೇಕಲ್ಲವೆ?

ಇನ್ನು ನಮ್ಮ ನೆಲದ ಮಾತು. ಗಡಿಗೆ ಬೂಷ್ಟು ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆಯೆಂದು 2011ರಲ್ಲಿ ಕೇರಳದ ಕಡೆಯಿಂದ ಮೊದಲ ವರದಿ ಬಂತು. ಆದರೆ ಪನಾಮದಂತೆ ರಾಶಿರಾಶಿಯಾಗಿ ಕಪ್ಪೆ ಸತ್ತದ್ದು ಇಲ್ಲಿ ದಾಖಲಾಗಿಲ್ಲ. ಈ ಬೂಷ್ಟಿಗೆ 17ರಿಂದ 25 ಡಿಗ್ರಿ ಸೆಂಟಿಗ್ರೇಡಿನ ತಂಪು ಹಿತ. 30 ಡಿಗ್ರಿ ಸುಮಾರಿನ ಬಿಸಿ ತಡೆಯದು. ಇದು ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಅಂಟುವ ರೋಗವಲ್ಲ. ಆದ್ದರಿಂದ ಹೆದರಿಕೆ ಬೇಡ. ನಮ್ಮ ಘಟ್ಟದ ಕಪ್ಪೆಯ ತೊಗಲೂ ಬರಿಯ ತೊಗಲಲ್ಲ. ಪಶ್ಚಿಮ ಘಟ್ಟದ ಒಂದು ಕಪ್ಪೆಯ ರಸದಲ್ಲಿ, ಕೆಲವು ಬಗೆಯ ಫ್ಲೂ ಜ್ವರದ ವೈರಸ್ಸನ್ನು ಒಡೆಯುವ ಪೆಪ್ಟೈಡು ಇದೆಯೆಂದು ತಿರುವನಂತಪುರದ ಮತ್ತು ಅಮೆರಿಕದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಬಳುಕುವ ಉರುಮಿ ಕತ್ತಿಯ ಹೆಸರಿನಿಂದ ಅದಕ್ಕೆ ಉರುಮಿನ್ ಎಂದು ಕರೆದರು. ಹಾಗೆಂದು ಯಾರೂ ಕಪ್ಪೆಯ ರಸವನ್ನು ಗಾಯಕ್ಕೆ ಬಳಿಯಬಾರದು. ಮಗೈನಿನ್ನಿನಿಂದ ರೂಪಿಸಿದ ಸಕ್ಕರೆ ಕಾಯಿಲೆಯ ಹುಣ್ಣಿನ ಮುಲಾಮಿಗೂ 1999ರಲ್ಲಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಹುಣ್ಣಾದರೆ ವೈದ್ಯರಲ್ಲಿಗೆ ಹೋಗಬೇಕು.

ಕೊನೆಗೆ ಮುಖ್ಯವಾದ ಮಾತು. ಆ ಕಾವಲನ್ನು ನಾವೇ ಕೆಡಿಸಬಹುದು. ಕ್ಯಾಲಿಫೋರ್ನಿಯದ ಒಂದು ಜಾತಿಯ ಎಳೆಗಪ್ಪೆಗಳಿಗೆ ಕಾರ್ಬರಿಲ್ ಎಂಬ ಕೀಟನಾಶಕ ತಗುಲಿಸಿದಾಗ ಅವುಗಳ ತೊಗಲಿನ ಪೆಪ್ಟೈಡು ಬಹಳ ಇಳಿದುಹೋಯಿತೆಂದು 2007ರಲ್ಲಿ ತಿಳಿದುಬಂತು. ಆ ಔಷಧವನ್ನು ಭಾರತ ಸರ್ಕಾರ 2018ರಲ್ಲಿ ನಿಷೇಧಿಸಿತು. ಕಪ್ಪೆಕಾಲಿನ ರಫ್ತನ್ನು ಅದಕ್ಕೂ ಮೊದಲೇ, 1987ರಲ್ಲಿ, ನಿಲ್ಲಿಸಿತ್ತು. ಸರ್ಕಾರ ಮಾಡುವುದನ್ನು ಸರ್ಕಾರ ಮಾಡಿತು. ಮನೆಯವರು ಮಾಡಬೇಕಾದದ್ದು ಇಷ್ಟು.

ಔಷಧ ಹೊಡೆದ ಪಂಪನ್ನು, ಡಬ್ಬಿಯನ್ನು ಕೆರೆ, ಹಳ್ಳ, ಬಾವಿಕಟ್ಟೆಗಳಲ್ಲಿ ತೊಳೆಯಬೇಡಿ. ಬೋರ್ಡೋ ದ್ರಾವಣವಾದರೂ ಸರಿಯೆ, ಅದರ ತಾಮ್ರ ಗೊದಮೊಟ್ಟೆಗೆ ವಿಷ. ಹುಳು ಎಣಿಸಿ ನೋಡಿ, ಅಗತ್ಯವಿದ್ದರೆ ಮಾತ್ರ ಹೇಳಿದ ಅಳತೆಯಲ್ಲಿ ಔಷಧ ಹೊಡೆಯಿರಿ. ಬದುವಿನ ಹುಲ್ಲನ್ನೆಲ್ಲ ಸುಡದೆ ಅಲ್ಲಲ್ಲಿ ಬಿಡಿ, ಹೊಲದ ತಗ್ಗಿನಲ್ಲಿ ಒಂದು ಸಣ್ಣ ಗುಂಡಿಯ ನೀರು ನಿಲ್ಲಲಿ. ಪೇಟೆಯಿಂದ ತಂದ ಸಾಕು ಮೀನು, ಕಪ್ಪೆ, ಅವುಗಳ ತೊಟ್ಟಿಯ ನೀರು, ಯಾವುದನ್ನೂ ಊರ ಕೆರೆಗೆ ಸುರಿಯಬೇಡಿ. ಕಾರಣ ತಿಳಿಯದೆ ಒಂದೇ ಕಡೆ ಹಲವು ಕಪ್ಪೆ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ, ಅರಣ್ಯ ಇಲಾಖೆಯವರಿಗೋ ಪಶುವೈದ್ಯರಿಗೋ ಕೂಡಲೇ ತಿಳಿಸಿ.

ಕಪ್ಪೆಗೆ ತನ್ನ ತೊಗಲನ್ನು ಕಾಯುವ ವಿದ್ಯೆ ನಮಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ಮದ್ದು ಹಚ್ಚುವ ಕೆಲಸ ನಮಗಿಲ್ಲ. ಅದು ಮದ್ದು ಮಾಡಿಕೊಳ್ಳುವ ನೀರನ್ನು ಕೆಡಿಸದಿದ್ದರೆ ಸಾಕು. ಬರುವ ಮುಂಗಾರಿನಲ್ಲಿ ನಿಮ್ಮ ಕೆರೆಯಂಗಳ ವಟಗುಟ್ಟಲಿ.